ಮೂವತ್ತಾರನೆಯ ಕೋಣೆ



ನಮ್ಮ ಸಿಂಗಪುರದ ಓದುಗರ ಕೂಟದಲ್ಲಿ ಚರ್ಚೆಗಳು ಕಾವೇರುವುದು ಪುಸ್ತಕದ ಹೊತ್ತಿನಲ್ಲಲ್ಲ, ಬಿಸಿಬೇಳೆಭಾತಿನ ಹೊತ್ತಿನಲ್ಲಿ. ಕಳೆದ ಸಲವೂ ಹಾಗೇ ಆಯಿತು. "ಕುಂಗ್‌ಫೂ ಅಂತೀರಲ್ಲ, ಅದು ನಮ್ಮದೇ ರೀ. ಬೋಧಿಧರ್ಮ ಕಂಚಿಯಿಂದ ಹೋಗಿ ಶಾವೊಲಿನ್ ಮಠದಲ್ಲಿ ಕಲಿಸಿದ್ದು" ಎಂದು ಹಿರಿಯರೊಬ್ಬರು ಹೇಳಿದರು. ಎಲ್ಲರೂ ತಲೆದೂಗಿದರು. ನಾನು ಮಾತ್ರ ಹಪ್ಪಳ ಮುರಿಯುತ್ತಾ "ಹಾಗೇನಿಲ್ಲ ಸಾರ್" ಎಂದುಬಿಟ್ಟೆ. "ಹಾಗಾದರೆ ಬರೆದು ತೋರಿಸಿ" ಎಂಬ ಆಜ್ಞೆಯಾಯಿತು. ಬರೆಯುವುದೇ ಆದರೆ ನನಗೆ ತುಂಬ ಇಷ್ಟವಾದ ಒಂದು ಸಿನಿಮಾದ ಮೂಲಕವೇ ಬರೆಯುತ್ತೇನೆ ಎಂದು ಷರತ್ತು ಹಾಕಿದೆ. ಆ ಸಿನಿಮಾ 1978ರ 'ದಿ ಥರ್ಟಿ ಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್'. ತಯಾರಿಸಿದ್ದು ಹಾಂಗ್‌ಕಾಂಗಿನ ಶಾ ಬ್ರದರ್ಸ್, ನಿರ್ದೇಶಿಸಿದ್ದು ಲಾವ್ ಕಾರ್-ಲಿಯುಂಗ್, ನಾಯಕ ಗೋರ್ಡನ್ ಲಿಯು.

ನಾನು ಇದನ್ನು ಮೊದಲು ನೋಡಿದ್ದು ತುಮಕೂರಿನಲ್ಲಿ, ತೊಂಬತ್ತರ ದಶಕದ ಮೊದಲಲ್ಲಿ. ನಮ್ಮ ಬೀದಿಯ ಕೊನೆಯಲ್ಲಿದ್ದ ಗರಡಿಮನೆಯ ಹುಡುಗರು ಚಂದಾ ಎತ್ತಿ, ಟಿವಿ ಮತ್ತು ವಿಸಿಪಿ ಬಾಡಿಗೆಗೆ ತಂದು, ರಾತ್ರಿಯಿಡೀ ನಾಲ್ಕು ಸಿನಿಮಾ ನೋಡುವ ಪದ್ಧತಿಯಿತ್ತು. ಮೂರು ನಮ್ಮವು, ಒಂದು 'ಕರಾಟೆ ಪಿಚ್ಚರ್'. ಆಗ ನಮಗೆ ಕುಂಗ್‌ಫೂ, ಕರಾಟೆ ಎಲ್ಲ ಒಂದೇ. ಕ್ಯಾಸೆಟ್ಟಿನ ಮೇಲೆ ಅಮೆರಿಕದಲ್ಲಿ ಇಟ್ಟಿದ್ದ ಹೆಸರು 'ಮಾಸ್ಟರ್ ಕಿಲ್ಲರ್' ಎಂದಿತ್ತು. ಬಾಯಿ ಒಂದು ಕಡೆ, ಮಾತು ಒಂದು ಕಡೆ ಓಡುವ ಇಂಗ್ಲಿಷ್ ಡಬ್ಬಿಂಗ್. ಅರ್ಧ ಸಿನಿಮಾ ಕಳೆದರೂ ನಾಯಕ ಯಾರಿಗೂ ಸರಿಯಾಗಿ ಒಂದು ಏಟು ಹಾಕಿರಲಿಲ್ಲ. ಹುಡುಗರು ಫಾರ್ವರ್ಡ್ ಮಾಡಿ ಎಂದು ಗಲಾಟೆ ಶುರು ಮಾಡಿದರು. ಗರಡಿಯ ಉಸ್ತಾದರು ಮಾತ್ರ, "ಸುಮ್ನಿರ್ರೋ, ಈ ಒಬ್ಬ ಮಾತ್ರ ಕಲಿಯೋದು ಹೆಂಗೆ ಅಂತ ತೋರಿಸ್ತಾವ್ನೆ" ಎಂದು ಗದರಿಸಿ ಕೂರಿಸಿದರು. ಬೇರೆ ಮೂರು ಚಿತ್ರಗಳ ಹೆಸರು ನನಗೆ ಈಗ ನೆನಪಿಲ್ಲ.

ಕತೆ ಸರಳ. ಕ್ಯಾಂಟನ್ ನಗರದಲ್ಲಿ ಮಂಚೂ ಅರಸೊತ್ತಿಗೆಯ ದಬ್ಬಾಳಿಕೆ. ಪಾಠಶಾಲೆಯ ಗುರುವೊಬ್ಬ ಗುಟ್ಟಾಗಿ ಪ್ರತಿರೋಧ ಕಟ್ಟುತ್ತಿದ್ದಾನೆ. ಯೂ-ತೆ ಎಂಬ ವಿದ್ಯಾರ್ಥಿ ಅದಕ್ಕೆ ಸೇರುತ್ತಾನೆ. ಅವನ ತಂದೆಯ ಮೀನಿನ ವ್ಯಾಪಾರವೇ ಗುಪ್ತ ಸಂದೇಶಗಳ ದಾರಿಯಾಗುತ್ತದೆ. ಸೇನಾಧಿಪತಿ ತಿಯೆನ್ ತಾಗೆ (ಈ ಪಾತ್ರದಲ್ಲಿ ಲೋ ಲಿಯೆ) ಸುಳಿವು ಸಿಕ್ಕಿ ಗುರು, ತಂದೆ, ಗೆಳೆಯರು ಎಲ್ಲರೂ ಸಾಯುತ್ತಾರೆ. ನೀತಿಶಾಸ್ತ್ರ ಓದುವ ಬದಲು ಕೈಕಾಲಿನ ವಿದ್ಯೆ ಕಲಿತಿದ್ದರೆ ಚೆನ್ನಾಗಿತ್ತು ಎಂದು ಹಲುಬುತ್ತಾ ಗಾಯಗೊಂಡ ಹುಡುಗ ಗಾಡಿಯೊಂದರಲ್ಲಿ ಅವಿತು ಶಾವೊಲಿನ್ ಮಠ ಸೇರುತ್ತಾನೆ. ಅಲ್ಲಿ ತಲೆ ಬೋಳಿಸಿಕೊಂಡು ಸಾನ್ ತೆ ಎಂಬ ಹೆಸರು ಪಡೆಯುತ್ತಾನೆ. ಆದರೆ ಮೊದಲ ಒಂದು ವರ್ಷ ಕಸ ಗುಡಿಸುವುದೇ ಕೆಲಸ.

ಮಠದಲ್ಲಿ ಮೂವತ್ತೈದು ಕೋಣೆಗಳು. ಪ್ರತಿ ಕೋಣೆಯೂ ಒಂದೊಂದು ಪಾಠ. "ಯಾವುದರಿಂದ ಶುರು ಮಾಡುತ್ತೀಯ?" ಎಂದರೆ ನಮ್ಮ ಹುಡುಗ ಎಲ್ಲಕ್ಕಿಂತ ಮೇಲಿನದು ಯಾವುದೋ ಅದರಿಂದ ಎನ್ನುತ್ತಾನೆ. ಮೂವತ್ತೈದನೆಯ ಕೋಣೆಗೆ ಹೋಗುತ್ತಾನೆ. ಅಲ್ಲಿ ವೃದ್ಧ ಸನ್ಯಾಸಿಗಳು ಸೂತ್ರ ಪಠಿಸುತ್ತಾ ಕುಳಿತಿದ್ದಾರೆ, ಅಷ್ಟೇ. ಅವನಿಗೆ ಒಂದಕ್ಷರವೂ ತಲೆಗೆ ಹತ್ತದೆ, ನಿಂತಲ್ಲಿಂದಲೇ ಹೊರಗೆ ಎಸೆಯಲ್ಪಡುತ್ತಾನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಆರ್ಕಿಟೆಕ್ಚರ್ ಮೀಟಿಂಗಿಗೆ ಬರುತ್ತೇನೆ ಎನ್ನುವ ಹೊಸ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ದೃಶ್ಯ ನೆನಪಾಗುತ್ತದೆ. ನಾನೂ ಹಾಗೇ ಇದ್ದೆ ಅನ್ನಿ.

ಅಲ್ಲಿಂದ ಕೆಳಗಿಳಿದು ಮೊದಲ ಪಾಠ. ಊಟದ ಮನೆಯ ಮುಂದೆ ನೀರಿನ ಕೊಳ, ಅದರಲ್ಲಿ ತೇಲುವ ಮರದ ಕಟ್ಟುಗಳು. ಅವುಗಳ ಮೇಲೆ ಹೆಜ್ಜೆಯಿಟ್ಟು ದಾಟಿದರೆ ಊಟ. ಬಿದ್ದರೆ ಒದ್ದೆ ಬಟ್ಟೆ, ಖಾಲಿ ಹೊಟ್ಟೆ. ಯಾರೂ ಏನನ್ನೂ ಹೇಳಿಕೊಡುವುದಿಲ್ಲ. ಸಾನ್ ತೆ ರಾತ್ರಿ ಒಬ್ಬನೇ ಬಂದು ಬಿದ್ದು ಎದ್ದು ಕಲಿಯುತ್ತಾನೆ. ಮುಂದಿನದು ಇನ್ನೂ ಕಠಿಣ: ಎರಡೂ ಕೈ ಚಾಚಿ ನೀರಿನ ಬಕೆಟ್ ಹಿಡಿದು ದಿಬ್ಬ ಹತ್ತಬೇಕು. ತೋಳುಗಳಿಗೆ ಚೂರಿ ಕಟ್ಟಿರುತ್ತಾರೆ, ತೋಳು ಇಳಿಬಿಟ್ಟರೆ ತನ್ನ ಪಕ್ಕೆಗೇ ಚುಚ್ಚುತ್ತದೆ. ಮತ್ತೊಂದರಲ್ಲಿ ತುದಿಗೆ ಭಾರ ಕಟ್ಟಿದ ಉದ್ದನೆಯ ಗಳು ಹಿಡಿದು, ಮುಂಗೈಯ ಬಲದಿಂದಷ್ಟೇ ಎತ್ತಿ ಗಂಟೆ ಬಾರಿಸಬೇಕು, ಅದೂ ಮೇಲ್ವಿಚಾರಕ ಬಡಿಯುವ ಮರದ ತಾಳಕ್ಕೆ ಸರಿಯಾಗಿ. ಕಣ್ಣಿನ ಪಾಠದಲ್ಲಿ ಮುಖದ ಎರಡೂ ಬದಿಗೆ ಉರಿಯುವ ದೊಡ್ಡ ಊದುಕಡ್ಡಿಗಳು. ಅತ್ತಿತ್ತ ಓಡುವ ದೀಪವನ್ನು ತಲೆ ಅಲುಗಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ತಲೆಯ ಕೋಣೆಯಲ್ಲಿ ಸಾಲಾಗಿ ತೂಗುಬಿಟ್ಟ ಮರಳಿನ ಮೂಟೆಗಳನ್ನು ಹಣೆಯಿಂದ ಗುದ್ದಿಕೊಂಡು ಹೋಗಿ ಬುದ್ಧನಿಗೆ ಊದುಕಡ್ಡಿ ಹಚ್ಚಬೇಕು. ಇಲ್ಲಿ ನಗು ಬರುತ್ತದೆ, ಹಣೆಯೂ ನೋಯುತ್ತದೆ.

ಇಲ್ಲಿ ಲಾವ್ ಕಾರ್-ಲಿಯುಂಗ್ ಮಾಡಿದ ಕೆಲಸ ಗಮನಿಸಬೇಕು. ಅವರಿಗಿಂತ ಮುಂಚಿನ ಬಹುಪಾಲು ಚಿತ್ರಗಳಲ್ಲಿ ತಾಲೀಮು ಎಂದರೆ ಸೇಡಿನ ಕತೆಯ ನಡುವಿನ ಹಾಡಿನಂತೆ, ಬಂದು ಹೋಗುವ ನಾಲ್ಕು ನಿಮಿಷ. ಇವರು ಸೇಡನ್ನು ಎರಡು ಕಡೆಯ ಚೌಕಟ್ಟಾಗಿ ಇಟ್ಟು, ನಡುವಿನ ಸುಮಾರು ಒಂದು ಗಂಟೆಯನ್ನು ಕಲಿಕೆಗೇ ಬಿಟ್ಟುಕೊಟ್ಟರು. ಶತ್ರು ಆ ಹೊತ್ತಿನಲ್ಲಿ ತೆರೆಯ ಮೇಲೆಯೇ ಇಲ್ಲ. ಎದುರಾಳಿ ಏನಿದ್ದರೂ ನೀರು, ಗಳು, ಬಕೆಟ್, ತನ್ನದೇ ತೋಳು.

ಇನ್ನು ಇತಿಹಾಸಕ್ಕೆ ಬರೋಣ. ಹೆನಾನ್ ಪ್ರಾಂತ್ಯದ ಸೊಂಗ್ ಪರ್ವತದಲ್ಲಿರುವ ಶಾವೊಲಿನ್ ಮಠವನ್ನು ಕ್ರಿ.ಶ. 495ರ ಸುಮಾರಿಗೆ ಉತ್ತರ ವೇಯಿ ಚಕ್ರವರ್ತಿ ಕಟ್ಟಿಸಿಕೊಟ್ಟದ್ದು ಭಾರತದಿಂದ ಬಂದ ಒಬ್ಬ ಭಿಕ್ಷುವಿಗೆ. ಆದರೆ ಆತ ಬೋಧಿಧರ್ಮನಲ್ಲ. ಚೀನೀಯರು ಬಾತುವೊ ಎಂದು ಕರೆಯುವ ಬೇರೊಬ್ಬ. ಬೋಧಿಧರ್ಮನ ಬಗ್ಗೆ ಸಿಗುವ ಅತಿ ಹಳೆಯ ಬರಹ 547ರ ಸುಮಾರಿನದು, ಅದು ಅವನನ್ನು ಪರ್ಷಿಯದವನು ಎನ್ನುತ್ತದೆ. ತಾನ್‌ಲಿನ್ ಎಂಬಾತ ಬರೆದ ಮತ್ತೊಂದು ಹಳೆಯ ಟಿಪ್ಪಣಿ ದಕ್ಷಿಣ ಭಾರತದ ರಾಜನ ಮೂರನೆಯ ಮಗ ಎನ್ನುತ್ತದೆ. ನಮಗೆ ಎರಡನೆಯದು ಪ್ರಿಯ, ಸಹಜವೇ! ಆದರೆ ಎರಡರಲ್ಲೂ ಮುಷ್ಟಿಯುದ್ಧದ ಮಾತೇ ಇಲ್ಲ. ಅವನ ಹೆಸರಿನಲ್ಲಿರುವ 'ಯಿಜಿನ್ ಜಿಂಗ್' ಎಂಬ ಅಂಗಸಾಧನೆಯ ಗ್ರಂಥ ಹುಟ್ಟಿದ್ದು 1624ರಲ್ಲಿ, ಅಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. ಅದರ ಮುನ್ನುಡಿಗಳು ಕೃತಕ ಎಂದು ಚಿಂಗ್ ಕಾಲದ ಚೀನೀ ಪಂಡಿತರೇ ಬೈದಿದ್ದಾರೆ. ಬೋಧಿಧರ್ಮನೇ ಮುಷ್ಟಿವಿದ್ಯೆಯ ಆದಿಗುರು ಎಂಬ ಮಾತು ಜನರ ಬಾಯಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, 1903ರಿಂದ ಧಾರಾವಾಹಿಯಾಗಿ ಬಂದ 'ಲಾವೊ ಚಾನ್‌ನ ಪ್ರವಾಸ' ಎಂಬ ಕಾದಂಬರಿಯಂಥ ಬರಹಗಳ ನಂತರ. 1930ರಲ್ಲಿ ತಾಂಗ್ ಹಾವೊ ಎಂಬ ಚೀನೀ ಇತಿಹಾಸಕಾರ ಇದನ್ನೆಲ್ಲ ಬಿಡಿಸಿಟ್ಟ. 2011ರ ತಮಿಳಿನ 'ಏಳಾಮ್ ಅರಿವು' ಚಿತ್ರ ನೋಡಿದವರಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಹಾಗಾದರೆ ಶಾವೊಲಿನ್ ಸನ್ಯಾಸಿಗಳು ಹೋರಾಡಿದ್ದೇ ಸುಳ್ಳೇ? ಅಲ್ಲ. 621ರಲ್ಲಿ, ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ನ ಪರವಾಗಿ ಸನ್ಯಾಸಿಗಳು ಯುದ್ಧಕ್ಕಿಳಿದದ್ದು ಮಠದ ಆವರಣದಲ್ಲೇ ಇರುವ 728ರ ಶಿಲಾಶಾಸನದಿಂದ ತಿಳಿಯುತ್ತದೆ. ಹದಿಮೂರು ಮಂದಿಯ ಹೆಸರುಗಳೂ ಅದರಲ್ಲಿವೆ. ಬಹುಮಾನವಾಗಿ ಭೂಮಿ ಸಿಕ್ಕಿತು. ಶಾಸನ ಕೆತ್ತಿಸಿದ್ದರ ಹಿಂದೆ ಆ ಆಸ್ತಿಯ ಹಕ್ಕನ್ನು ಉಳಿಸಿಕೊಳ್ಳುವ ಚಿಂತೆಯೂ ಇತ್ತು. ನಮ್ಮ ದತ್ತಿ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಹದಿನಾರನೆಯ ಶತಮಾನದ ನಡುವೆ ಕರಾವಳಿಯ ಕಡಲ್ಗಳ್ಳರ ಮೇಲೆ ಸನ್ಯಾಸಿಗಳನ್ನು ಕಳಿಸಿದ ದಾಖಲೆಗಳೂ ಇವೆ. ಆಗ ಅವರ ಹೆಸರುವಾಸಿಯಾದ ಆಯುಧ ದೊಣ್ಣೆ. ಬರಿಗೈ ಮುಷ್ಟಿಯುದ್ಧ ಮಠದಲ್ಲಿ ಬಲವಾಗಿ ಬೇರೂರಿದ್ದು ಅದರ ನಂತರ. ಈ ಬಗ್ಗೆ ಓದಬೇಕೆನಿಸಿದವರು 2008ರಲ್ಲಿ ಬಂದ ಮೇಯಿರ್ ಶಹಾರ್ ಅವರ ಪುಸ್ತಕ ಹುಡುಕಬಹುದು. ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ.

ನನಗೆ ಹೆಚ್ಚು ಕಸಿವಿಸಿ ತಂದದ್ದು ಮಠ ಸುಟ್ಟ ಕತೆ. ಮಂಚೂಗಳು 1644ರಲ್ಲಿ ಬೀಜಿಂಗ್ ಹಿಡಿದದ್ದು, ಮರುವರ್ಷವೇ ಹಾನ್ ಗಂಡಸರೆಲ್ಲ ಮುಂದಲೆ ಬೋಳಿಸಿ ಜಡೆ ಬಿಡಬೇಕು, ಒಪ್ಪದವನ ತಲೆ ಹೋಗುತ್ತದೆ ಎಂದು ಆಜ್ಞೆ ಹೊರಡಿಸಿದ್ದು, ತಿಂಗಳುಗಟ್ಟಲೆ ಮುತ್ತಿಗೆಯ ನಂತರ 1650ರಲ್ಲಿ ಕ್ಯಾಂಟನ್ ಬಿದ್ದು ಭೀಕರ ಕಗ್ಗೊಲೆಯಾದದ್ದು ಎಲ್ಲ ನಿಜ. ಜಡೆಯ ಆಜ್ಞೆಯಿಂದ ವಿನಾಯಿತಿ ಇದ್ದವರಲ್ಲಿ ಬೌದ್ಧ ಸನ್ಯಾಸಿಗಳು ಸೇರಿದ್ದರು. ಗೋರ್ಡನ್ ಲಿಯುವಿನ ನುಣ್ಣನೆಯ ಬೋಳುತಲೆಗೆ ಇದರಿಂದ ಬೇರೆಯೇ ಅರ್ಥ ಬರುತ್ತದೆ, ನೋಡಿ. ಊರಿಗೆ ಊರೇ ಜಡೆ ಬಿಟ್ಟಿರುವಾಗ ಅದೊಂದು ತಲೆ ಮಾತ್ರ ಅರಸನಿಗೆ ಒಪ್ಪಿಸಿಲ್ಲದ್ದು.

ಆದರೆ ಚಿಂಗ್ ಅರಸರು ಶಾವೊಲಿನ್ ಮಠ ಸುಟ್ಟರು ಎಂಬುದಕ್ಕೆ ಆಧಾರವಿಲ್ಲ. ತದ್ವಿರುದ್ಧವಾಗಿ, ಮಠದ ಹೆಬ್ಬಾಗಿಲ ಮೇಲಿನ ಹೆಸರುಫಲಕದ ಅಕ್ಷರಗಳೇ ಕಾಂಗ್‌ಶಿ ಚಕ್ರವರ್ತಿಯದು. ಯೊಂಗ್‌ಜೆಂಗ್ 1735ರಲ್ಲಿ ಮಠದ ಜೀರ್ಣೋದ್ಧಾರಕ್ಕೆ ಒಪ್ಪಿಗೆ ಕೊಟ್ಟ. ಚಿಯೆನ್‌ಲುಂಗ್ 1750ರಲ್ಲಿ ಅಲ್ಲಿಗೆ ಬಂದು ರಾತ್ರಿ ತಂಗಿದ್ದ. ಮಠ ನಿಜವಾಗಿ ಹೊತ್ತಿ ಉರಿದದ್ದು 1928ರಲ್ಲಿ, ಗಣರಾಜ್ಯದ ಕಾಲದಲ್ಲಿ, ಶಿ ಯೂಸಾನ್ ಎಂಬ ಸೇನಾನಾಯಕನ ಕೈಯಲ್ಲಿ. ಸಾನ್ ತೆಯ ಭೂಗೋಳವೂ ಹೊಂದುವುದಿಲ್ಲ. ಕ್ಯಾಂಟನ್‌ನಿಂದ ಸೊಂಗ್ ಪರ್ವತಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಗಾಯಗೊಂಡವನೊಬ್ಬ ಗಾಡಿಯಲ್ಲಿ ಅವಿತು ಮುಟ್ಟುವ ದೂರವಲ್ಲ. ಇದಕ್ಕೇ ಜನ ಫೂಜಿಯನ್‌ನಲ್ಲಿ ಒಂದು 'ದಕ್ಷಿಣ ಶಾವೊಲಿನ್' ಇತ್ತು, ಸುಟ್ಟುಹೋಯಿತು ಎನ್ನುತ್ತಾರೆ. ಆ ಕತೆ ಬಂದದ್ದು ತಿಯೆನ್‌ತಿಹುಯಿ ಎಂಬ ಗುಪ್ತ ಸಂಘದಿಂದ. ಹದಿನೆಂಟನೆಯ ಶತಮಾನದಲ್ಲಿ ಫೂಜಿಯನ್‌ನಲ್ಲಿ ಹುಟ್ಟಿದ ಆ ಸಂಘದ ದೀಕ್ಷೆಯ ವೇಳೆ ಹೇಳುತ್ತಿದ್ದದ್ದು ಇದು: ಶಾವೊಲಿನ್ ಸನ್ಯಾಸಿಗಳು ಚಕ್ರವರ್ತಿಗಾಗಿ ಯುದ್ಧ ಗೆದ್ದುಕೊಟ್ಟರು, ಆತ ದ್ರೋಹ ಬಗೆದು ಮಠಕ್ಕೆ ಬೆಂಕಿಯಿಟ್ಟ, ಐವರು ಉಳಿದರು, ಅವರೇ ನಮ್ಮ ಐದು ಮೂಲಪುರುಷರು. ಹಲವು ಪಾಠಗಳಲ್ಲಿ ಆ ದ್ರೋಹಿ ಯಾರು ಗೊತ್ತೇ? ಬಾಗಿಲ ಫಲಕ ಬರೆದ ಅದೇ ಕಾಂಗ್‌ಶಿ!

ಈ ಕತೆ ಹಡಗು ಹತ್ತಿ ನಮ್ಮ ಸಿಂಗಪುರಕ್ಕೂ ಬಂತು. ಇಲ್ಲಿಯ ಘೀ ಹಿನ್ ಸಂಘ ಅದೇ ಬಳ್ಳಿಯದು. ಗುಸ್ತಾವ್ ಶ್ಲೇಗಲ್ ಎಂಬ ಡಚ್ ವಿದ್ವಾಂಸ ಈ ಸಂಘಗಳ ದೀಕ್ಷಾಕತೆಗಳನ್ನು 1866ರಲ್ಲೇ ಬಟಾವಿಯಾದಲ್ಲಿ ಅಚ್ಚು ಹಾಕಿಸಿದ. 1890ರಲ್ಲಿ ಬ್ರಿಟಿಷರು ಇಲ್ಲಿಯ ಸಂಘಗಳನ್ನು ವಿಸರ್ಜಿಸಿದರೂ ಕತೆ ಉಳಿಯಿತು. ಆ ಹೊತ್ತಿಗೆ ಚೀನಾದಲ್ಲಿ, 1893ರಲ್ಲಿ, ಚಿಯೆನ್‌ಲುಂಗ್ ಚಕ್ರವರ್ತಿಯ ದಕ್ಷಿಣಯಾತ್ರೆಯ ಕಾದಂಬರಿ ಹೊರಬಂದಿತ್ತು. ಸಾನ್ ತೆ, ಹುಂಗ್ ಹೇ-ಗುನ್ ಎಲ್ಲ ಅದರಲ್ಲಿ ಬರುತ್ತಾರೆ, ಆದರೆ ಅದರಲ್ಲಿ ಶಾವೊಲಿನ್ ಕಡೆಯವರು ಸೋಲುವ ಪಕ್ಷ. ಅರಸೊತ್ತಿಗೆ ಹೋದ ಮೇಲೆ ಕ್ಯಾಂಟನ್, ಹಾಂಗ್‌ಕಾಂಗಿನ ಪತ್ರಿಕೆಗಳ ಧಾರಾವಾಹಿ ಲೇಖಕರು ಇವರನ್ನೇ ನಾಯಕರನ್ನಾಗಿ ತಿರುಗಿಸಿ ಬರೆದರು. ಶಾ ಬ್ರದರ್ಸ್‌ನವರು ಸಿನಿಮಾ ಮಾಡಿದ್ದು ಈ ತಿರುಗಿಸಿದ ಕತೆಯನ್ನು. ಶಾ ಕುಟುಂಬದ ರನ್‌ಮಿ ಮತ್ತು ರನ್ ರನ್ ಸಹೋದರರು 1920ರ ದಶಕದಲ್ಲಿ ವ್ಯಾಪಾರ ಬೆಳೆಸಿದ್ದು ಇದೇ ಸಿಂಗಪುರ, ಮಲಯಾಗಳಲ್ಲಿ. (ಜಲಾನ್ ಅಂಪಾಸ್‌ನ ಅವರ ಸ್ಟುಡಿಯೋದಲ್ಲಿ ಮಲಯ್ ಚಿತ್ರಗಳನ್ನು ನಿರ್ದೇಶಿಸಲು ಭಾರತದಿಂದ ಬಿ.ಎಸ್. ರಾಜಹಂಸ್, ಫಣಿ ಮಜುಂದಾರ್ ಮುಂತಾದವರು ಬಂದಿದ್ದರು. ಅದೇ ಒಂದು ಲೇಖನವಾದೀತು.) ಕತೆ ಕ್ಯಾಂಟನ್ನಿನದು, ಶಾ ಸಂಸ್ಥೆಯ ಆಗಿನ ಭಾಷೆ ಮ್ಯಾಂಡರಿನ್, ನಾನು ತುಮಕೂರಿನಲ್ಲಿ ಕೇಳಿದ್ದು ಇಂಗ್ಲಿಷ್. ತಾಯ್ನುಡಿ ಕಳೆದುಕೊಂಡೇ ಊರೂರು ಸುತ್ತಿದ ಕತೆ ಇದು.

ಇಷ್ಟೆಲ್ಲ ಸುಳ್ಳಾದರೆ ಸಿನಿಮಾದಲ್ಲಿ ನಿಜವಾದದ್ದು ಏನು? ಅದರಲ್ಲಿರುವ ಮೈಗಳು. ಹುಂಗ್ ಗಾರ್ ಎಂಬ ದಕ್ಷಿಣದ ಮುಷ್ಟಿಪದ್ಧತಿಯ ಶಿಷ್ಯರು ತಮ್ಮ ಪರಂಪರೆಯನ್ನು ಹುಂಗ್ ಹೇ-ಗುನ್, ಲುಕ್ ಆ-ಚೋಯ್‌ರಿಂದ ಎಣಿಸುತ್ತಾರೆ. ಆ ಮೊದಲ ಹೆಸರುಗಳು ದಂತಕತೆ ಇರಬಹುದು. ಆದರೆ ವಾಂಗ್ ಫೇ-ಹುಂಗ್ 1925ರವರೆಗೆ ಬದುಕಿದ್ದ ವೈದ್ಯ, ಗುರು. ಅವರ ಶಿಷ್ಯ ಲಾಮ್ ಸಾಯ್-ವಿಂಗ್ ಹಂದಿಮಾಂಸದ ಅಂಗಡಿ ಇಟ್ಟಿದ್ದವರು. ಗುರುಗಳು ಮುಚ್ಚಿಟ್ಟುಕೊಳ್ಳುತ್ತಿದ್ದ ವರಸೆಗಳನ್ನು ಶಿಷ್ಯರ ನೆರವಿನಿಂದ ಪುಸ್ತಕಗಳಾಗಿ ಅಚ್ಚು ಹಾಕಿಸಿದವರೂ ಅವರೇ. ಅವರ ಶಿಷ್ಯ ಲಾವ್ ಚಾಮ್. ಅವರ ಮಗ ನಮ್ಮ ನಿರ್ದೇಶಕ. 1949ರಲ್ಲಿ ಕ್ವಾನ್ ತಾಕ್-ಹಿಂಗ್ ನಾಯಕನಾಗಿ ವಾಂಗ್ ಫೇ-ಹುಂಗ್ ಚಿತ್ರಮಾಲೆ ಶುರುವಾಯಿತು. ಅದರಲ್ಲಿ ಲಾವ್ ಚಾಮ್ ವಹಿಸಿದ ಪಾತ್ರ ಯಾರದು ಎಂದುಕೊಂಡಿರಿ? ತಮ್ಮ ಸ್ವಂತ ಗುರು ಲಾಮ್ ಸಾಯ್-ವಿಂಗ್‌ರದ್ದು. ಗೋರ್ಡನ್ ಲಿಯು ಕೂಡ ಬಾಲ್ಯದಿಂದ ಲಾವ್ ಮನೆಯ ತಾಲೀಮಿನಲ್ಲೇ ಬೆಳೆದು, ಗುರುವಿನ ಮೇಲಿನ ಗೌರವಕ್ಕೆ ಆ ಮನೆತನದ ಹೆಸರನ್ನೇ ಇಟ್ಟುಕೊಂಡವರು. 'ಲಿಯು' ಎಂದರೆ ಮ್ಯಾಂಡರಿನ್ ಬಾಯಲ್ಲಿ ಅದೇ 'ಲಾವ್'.

ಲಾವ್ ಕಾರ್-ಲಿಯುಂಗ್ ಹಲವು ವರ್ಷ ಚಾಂಗ್ ಚೆಹ್ ಅವರ ಚಿತ್ರಗಳಿಗೆ ಸಾಹಸ ಸಂಯೋಜಿಸಿ, 1975ರಲ್ಲಿ ತಾವೇ ನಿರ್ದೇಶಕರಾದರು. ಮುಂದಿನ ಮೂರು ಚಿತ್ರಗಳನ್ನು ಸಾಲಾಗಿಟ್ಟು ನೋಡಿ. 1976ರಲ್ಲಿ 'ಚಾಲೆಂಜ್ ಆಫ್ ದ ಮಾಸ್ಟರ್ಸ್', ಅದು ವಾಂಗ್ ಫೇ-ಹುಂಗ್ ಲುಕ್ ಆ-ಚೋಯ್ ಬಳಿ ಕಲಿಯುವ ಕತೆ. 1977ರಲ್ಲಿ 'ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್', ಅದು ಹುಂಗ್ ಹೇ-ಗುನ್‌ನ ಕತೆ. 1978ರಲ್ಲಿ ಸಾನ್ ತೆ. ಒಂದೊಂದು ವರ್ಷಕ್ಕೆ ಒಂದೊಂದು ತಲೆಮಾರು ಹಿಂದಕ್ಕೆ ನಡೆದು, ತನ್ನ ಅಪ್ಪನ ಗುರುವಿನ ಗುರುವಿನ ಗುರು ಎಲ್ಲಿ ಕಲಿತ ಎಂದು ಹುಡುಕಿಕೊಂಡು ಹೋದಂತಿದೆ. ದಾಖಲೆ ಮುಗಿದುಹೋಗುವ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ಕಾದಂಬರಿಯೊಂದರ ಸನ್ಯಾಸಿ. ಆ ಖಾಲಿ ಜಾಗವನ್ನು ತನ್ನ ಮನೆಯಲ್ಲಿ ಕಲಿತ ತಾಲೀಮಿನಿಂದ ತುಂಬಿದರು ಎಂದು ನನ್ನ ಎಣಿಕೆ. ಸಾವಿರದ ಐನೂರು ವರ್ಷದ ಮಠ ಎಂದು ತೋರಿಸಿದ್ದು ಕ್ಲಿಯರ್‌ವಾಟರ್ ಬೇಯ ಸ್ಟುಡಿಯೋ ಸೆಟ್ಟು, ಆದರೆ ಆ ಮುಂಗೈ, ಆ ನಿಲುವು ಲಾವ್ ಮನೆಯದು.

ಚಿತ್ರದ ಕೊನೆಯ ಭಾಗಕ್ಕೆ ಬಂದೆ. ಸಾನ್ ತೆ ಎಲ್ಲ ಕೋಣೆಗಳನ್ನೂ ದಾಟುತ್ತಾನೆ. ಯಾವ ಕೋಣೆಗೆ ಬೇಕಾದರೂ ಮೇಲ್ವಿಚಾರಕನಾಗು ಎನ್ನುತ್ತಾರೆ ಮಠಾಧಿಪತಿ. ಶಿಸ್ತಿನ ಅಧಿಕಾರಿ (ಲೀ ಹೋಯ್-ಸಾನ್) ಒಪ್ಪದೆ ಜೋಡಿ ಕತ್ತಿ ಹಿಡಿದು ಎದುರಾಗಿ ಅವನನ್ನು ಮತ್ತೆ ಮತ್ತೆ ಸೋಲಿಸುತ್ತಾನೆ. ಬಿದಿರು ಮೆಳೆಯಲ್ಲಿ ಅಭ್ಯಾಸ ಮಾಡುವಾಗ ಹೊಳೆದ ಮೂರು ತುಂಡಿನ ದೊಣ್ಣೆಯಿಂದ ಕೊನೆಗೆ ಗೆಲ್ಲುತ್ತಾನೆ. ಈಗ ಯಾವ ಕೋಣೆ ಬೇಕು ಎಂದರೆ, ಇಲ್ಲದ ಒಂದನ್ನು ಕೇಳುತ್ತಾನೆ: ಮೂವತ್ತಾರನೆಯದು, ಹೊರಗಿನ ಸಾಮಾನ್ಯ ಜನಕ್ಕೆ ಕಲಿಸುವ ಕೋಣೆ. ಮಠದ ನಿಯಮ ಅದನ್ನು ಒಪ್ಪದು. ಮಠಾಧಿಪತಿ ಶಿಕ್ಷೆ ಎಂಬಂತೆ, ಹೊರಗೆ ಹೋಗಿ ಭಿಕ್ಷೆ ಎತ್ತಿಕೊಂಡು ಬಾ ಎಂದು ಕಳಿಸಿಬಿಡುತ್ತಾರೆ. ಒಪ್ಪಿಗೆಯನ್ನು ಶಿಕ್ಷೆಯ ರೂಪದಲ್ಲಿ ಕೊಡುವ ಈ ಜಾಣತನ ನನಗೆ ಇಡೀ ಚಿತ್ರದಲ್ಲಿ ತುಂಬ ಹಿಡಿಸಿದ ಗಳಿಗೆ. ನೂರಾರು ಚಿತ್ರಕತೆ ಬರೆದ ನಿ ಕುವಾಂಗ್‌ರ ಕೈಚಳಕ. ತಿಯೆನ್ ತಾ ಸಾಯುವ ಕಾಳಗ ಅದರ ಮುಂದೆ ಸಪ್ಪೆ ಎಂದೇ ನನ್ನ ಅಭಿಪ್ರಾಯ.

2005ರಲ್ಲಿ ನಾನು ತೋವಾ ಪಾಯೋಗೆ ಬಾಡಿಗೆಗೆ ಬಂದಾಗ, ಬ್ಲಾಕಿನ ಕೆಳಗಡೆ ಸಂಜೆ ಹೊತ್ತು ಸಿಂಹನೃತ್ಯದ ಹುಡುಗರಿಗೆ ತಾಲೀಮು ಕೊಡುವ ಹೊಕ್ಕಿಯೆನ್ ಅಂಕಲ್ ಒಬ್ಬರು ಪರಿಚಯವಾದರು. ನಾನು ಭಾರತದ ದಕ್ಷಿಣದವನು ಎಂದು ತಿಳಿದ ಕೂಡಲೇ "ಓ, ನಮ್ಮ ಗುರುವಿನ ಊರು!" ಎಂದು ಕೋಪಿ ಕುಡಿಸಿದರು. ಆಮೇಲೂ ಎಷ್ಟೋ ವರ್ಷ ಬೋಧಿಧರ್ಮನ ಲೆಕ್ಕದಲ್ಲಿ ನನಗೆ ಕೋಪಿ ಸಿಗುತ್ತಿತ್ತು. ಫೂಜಿಯನ್‌ನ ಮಠ ಸುಟ್ಟ ಕತೆ ನಾನು ಮೊದಲು ಕೇಳಿದ್ದೂ ಅವರ ಬಾಯಲ್ಲೇ. ಆಗಿನ್ನೂ ಸೆಲೆಸ್ಟಿಯಲ್ ಸಂಸ್ಥೆಯವರು ಶಾ ಚಿತ್ರಗಳನ್ನು ತೊಳೆದು ಹೊಸದಾಗಿ ಬಿಟ್ಟಿದ್ದ ಕಾಲ. ಸಾನ್ ತೆಯ ಡಿಸ್ಕನ್ನು ಇಬ್ಬರೂ ಅವರ ಮನೆಯಲ್ಲಿ ಕೂತು ನೋಡಿದೆವು. ಬಕೆಟ್ಟಿನ ದೃಶ್ಯ ಬಂದಾಗ ಅವರು ಎದ್ದು ನಿಂತು, ಕೈ ಚಾಚಿ, ಅದು ಮುಗಿಯುವವರೆಗೂ ಹಾಗೇ ನಿಂತಿದ್ದರು.

ಇತಿಹಾಸ ಓದಿದ ಮೇಲೆ ನನಗೆ ಆ ಕೋಪಿ ಗಂಟಲಲ್ಲಿ ಇಳಿಯದಾಯಿತು. ಒಂದು ದಿನ ಧೈರ್ಯ ಮಾಡಿ, ಅಂಕಲ್, ನಮ್ಮವನು ನಿಮಗೆ ಏನೂ ಕಲಿಸಿಲ್ಲ, ಕಾಂಗ್‌ಶಿ ಮಠ ಸುಟ್ಟೂ ಇಲ್ಲ, ಬಾಗಿಲಿನ ಬೋರ್ಡು ಬರೆದವನೇ ಅವನು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮದನ್ನು ಸುಟ್ಟ ಮೇಲೆ ತನ್ನ ಬೋರ್ಡು ಹಾಕಿಕೊಂಡಿದ್ದಾನೆ, ಅದರಲ್ಲೇನಿದೆ?" ಎಂದರು. ಬೋಧಿಧರ್ಮನ ವಿಷಯಕ್ಕೆ ಮಾತ್ರ ಸುಮ್ಮನಾದರು. ಅಂದಿನ ಕೋಪಿಗೆ ನಾನೇ ದುಡ್ಡು ಕೊಟ್ಟೆ.

2011ರಲ್ಲಿ ಗೋರ್ಡನ್ ಲಿಯು ಪಾರ್ಶ್ವವಾಯುವಿಗೆ ತುತ್ತಾದರು. ಲಾವ್ ಕಾರ್-ಲಿಯುಂಗ್ 2013ರ ಜೂನ್ 25ರಂದು ತೀರಿಕೊಂಡರು. ಅಂಕಲ್ ಅಂದು ಸಂಜೆ ತಾಲೀಮಿಗೆ ಮುಂಚೆ ಮೂರು ಊದುಕಡ್ಡಿ ಹಚ್ಚಿದ್ದನ್ನು ನೋಡಿದ್ದೇನೆ. ಈಗ ಅವರಿಗೆ ಎಂಬತ್ತು ದಾಟಿದೆ, ಕುರ್ಚಿಯಲ್ಲಿ ಕೂತೇ ಕಲಿಸುತ್ತಾರೆ. ಅವರ ಮುಂದೆ ನಿಲ್ಲುವ ಸಾಲಿನಲ್ಲಿ ಮಲಯ್ ಹುಡುಗರಿದ್ದಾರೆ, ಇಬ್ಬರು ತಮಿಳು ಹುಡುಗರಿದ್ದಾರೆ, ಕಳೆದ ವರ್ಷದಿಂದ ನನ್ನ ಮಗಳೂ ಇದ್ದಾಳೆ. ಆರು ತಿಂಗಳಾಯಿತು, ಕುದುರೆ ಸವಾರನ ಹಾಗೆ ಕಾಲಗಲಿಸಿ ನಿಲ್ಲುವುದೊಂದನ್ನು ಬಿಟ್ಟು ಬೇರೇನೂ ಹೇಳಿಕೊಟ್ಟಿಲ್ಲ ಎಂದು ಅವಳ ದೂರು.

ಡಿಸ್ಕ್ ನನ್ನ ಬಳಿ ಇದೆ. ಮುಂದಿನ ಕೂಟಕ್ಕೆ ತರುತ್ತೇನೆ. ಬೋಧಿಧರ್ಮನ ಪರ ವಾದಿಸಿದ ಹಿರಿಯರಿಗೆ ಮೊದಲ ಸರದಿ.